ನಲ್ಲಿ ನಿಲ್ಲಿಸು

ಹಾಸ್ಟೆಲ್ಲಿನ ಛಾವಣಿ ರಿಪೇರಿ ಆಗುವ ತನಕ,
ಒಂದೇ ಒಂದು ತಿಂಗಳು ಅಂತ ಅಪ್ಪ ಒಪ್ಪಿಕೊಂಡು ಬಂದಿದ್ದರು.
ವೆಟರ್ನರಿ ಕಾಲೇಜಿನ ಕಾಂಪೌಂಡರ್; ಡೀನ್ ಕೇಳಿದರೆ
ಇಲ್ಲ ಅನ್ನುವ ನಾಲಿಗೆ ಅವರಿಗಿಲ್ಲ.
ನನ್ನನ್ನು ಯಾರೂ ಕೇಳಲಿಲ್ಲ. ಮಂಚ ನನ್ನದು.

ಬಂದಳು ಆಟೋದಲ್ಲಿ, ಮೊಣಕಾಲ ಮೇಲೆ ಸೂಟ್‌ಕೇಸು,
ಟಾಂಜಾನಿಯಾದ ಎಂಬೆಯಾ ಅನ್ನುವ ಊರಿಂದ
ದನದ ಡಾಕ್ಟರಾಗಲು ಹಾಸನಕ್ಕೆ.
ಹೆಸರು ನೀಮಾ.
ಅಜ್ಜಿಯ ಬಾಯಲ್ಲಿ ಸಂಜೆಯೊಳಗೆ ನೇಮ ಆಯಿತು.
'ನೇಮ ಎದ್ದಾಯ್ತಾ? ನೇಮದ ಕಾಫಿ ಆಯ್ತಾ?'
ಕೇಳಿದವರಿಗೆ ಈ ಮನೆಯಲ್ಲೇನೋ ವ್ರತ ಹಿಡಿದಂತೆ.

ಅಮ್ಮ ಬೇಕರಿಯಿಂದ ಬ್ರೆಡ್ಡು ತರಿಸಿದಳು, ಜಾಮ್ ತರಿಸಿದಳು.
ಮೂರು ದಿನ ನಾವೆಲ್ಲ ಅಡುಗೆಮನೆಯಲ್ಲಿ ಕದ್ದು ಮುದ್ದೆ ಉಂಡೆವು,
ಅವಳು ನಡುಮನೆಯ ಮೇಜಿನಲ್ಲಿ ಒಬ್ಬಳೇ,
ಪ್ರತಿ ತುಂಡಿಗೂ ಥ್ಯಾಂಕ್ಯೂ ಅನ್ನುತ್ತ.

ಹಿಂದಿನ ಮನೆ ಗಿರಿಜಕ್ಕ ಸಕ್ಕರೆ ಕೇಳುವ ನೆಪದಲ್ಲಿ ಬಂದು
ಅವಳ ಸಣ್ಣ ಸಣ್ಣ ಜಡೆ ನೋಡಿದರು, ಎಣಿಸಿದರೂ ಇರಬೇಕು.
ಆಮೇಲೆ ಏನೋ ಅಂದರು, ಇಲ್ಲಿ ಬರೆಯಲಾರೆ.
ಕನ್ನಡದ ಒಂದಕ್ಷರ ಬಾರದವಳ ಮುಂದೆ
ದನಿ ತಗ್ಗಿಸಿ ಅಂದರು.
ತಗ್ಗಿದ್ದು ಮಾತ್ರ ಅವಳಿಗೆ ತಿಳಿಯಿತು.
ಅಮ್ಮ ಸಕ್ಕರೆ ಕೊಟ್ಟಳು. ಲೋಟದ ತುಂಬ ಅಲ್ಲ.

ನಮ್ಮ ಬಡಾವಣೆ ತಣ್ಣೀರುಹಳ್ಳ. ನೀರು ಹೆಸರಿನಲ್ಲಿದೆ.
ಮೂರು ದಿನಕ್ಕೊಮ್ಮೆ ಬೆಳಗಿನ ಜಾವ ಬೀದಿ ಪೈಪು ಕೆಮ್ಮುತ್ತದೆ,
ಕೊಡ, ಬಕೆಟ್ಟು, ಪೇಂಟಿನ ಡಬ್ಬ, ಕುಕ್ಕರು ಸಮೇತ ತುಂಬಿಕೊಳ್ಳುತ್ತೇವೆ.
ಆಮೇಲೆ ತಾರಸಿಯ ಟ್ಯಾಂಕೇ ಗತಿ.

ಮೂರನೆಯ ರಾತ್ರಿ ಬಚ್ಚಲಲ್ಲಿ ನಲ್ಲಿ ಸುರಿಯುತ್ತಲೇ ಇತ್ತು.
ಹತ್ತು ನಿಮಿಷ. ಹದಿನೈದು.
ಮಲಗಿದಲ್ಲೇ ನನ್ನ ಲೆಕ್ಕ: ಒಂದು ಕೊಡ, ಎರಡು ಕೊಡ,
ನಾಳಿನ ನನ್ನ ತಲೆಸ್ನಾನ.
ಎದ್ದು ಹೋಗಿ ಬಾಗಿಲು ಬಡಿದೆ. ಕಲಿತಿಟ್ಟ ಇಂಗ್ಲಿಷೆಲ್ಲ ಮರೆತು
'ನಲ್ಲಿ ನಿಲ್ಲಿಸು' ಅಂದುಬಿಟ್ಟೆ.

ನಿಂತಿತು.

ನಿಂತ ಮೇಲೆ ಕೇಳಿಸಿತು
ನೀರು ಅಷ್ಟು ಹೊತ್ತು ಮುಚ್ಚಿಟ್ಟಿದ್ದು.
ಬಡಿಯಲೆತ್ತಿದ ಕೈ ಎತ್ತಿದ ಹಾಗೇ.
ಏನಾದರೂ ಅನ್ನಬೇಕಿತ್ತು. ಬಂದು ಗೋಡೆಗೆ ಮುಖ ಮಾಡಿ ಮಲಗಿದೆ.

ಮರುದಿನ ಅಮ್ಮ ಹಿಟ್ಟು ತೊಳಸುತ್ತಿದ್ದಳು,
ಕೋಲು ಎರಡೂ ಕೈಯಲ್ಲಿ, ಸೆರಗು ಸೊಂಟಕ್ಕೆ.
ನೀಮಾ ಬಾಗಿಲಲ್ಲಿ ನಿಂತು ಮೂಗರಳಿಸಿದಳು.
'ಉಲೇಜಿ' ಅಂದಳು. ನಮಗಲ್ಲ, ಆವಿಗೆ.
ಒಳಗೆ ಬಂದು ಕೋಲು ತೆಗೆದುಕೊಂಡಳು, ಕೇಳಲೂ ಇಲ್ಲ.
ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ತಿರುವಿದಳು.
ಒಂದು ಗಂಟಿಲ್ಲ.
ಅಮ್ಮನಿಗೆ ಬೆರಗು. ತುಸು ಬೇಜಾರೂ ಹೌದು.
ಇಪ್ಪತ್ತು ವರ್ಷದ ಅವಳ ಮುದ್ದೆಯಲ್ಲಿ
ಹುಡುಕಿದರೆ ಇವತ್ತಿಗೂ ಒಂದು ಸಿಗುತ್ತದೆ.

ಎಲ್ಲರೂ ನೆಲಕ್ಕೆ ಕೂತೆವು.
ಅವಳು ಚೂರು ಮುರಿದು ಅಂಗೈಯಲ್ಲಿ ಉರುಳಿಸಿ
ಹೆಬ್ಬೆರಳಿಂದ ಗುಳಿ ಒತ್ತಿ
ಗುಳಿಯಲ್ಲಿ ಹುರುಳಿಸಾರು ತುಂಬಿ ಬಾಯಿಗಿಟ್ಟು
ಅಗಿದಳು.
ಅಜ್ಜಿ ಎದೆ ಮುಟ್ಟಿಕೊಂಡಳು: 'ಅಗೀಬಾರ್ದು ಕಣೇ ನೇಮ, ನುಂಗು.'
ಕತ್ತು ಉದ್ದ ಮಾಡಿ ತಾನೇ ನುಂಗಿ ತೋರಿಸಿದಳು.
ನೀಮಾ ನೋಡಿದಳು, ತಲೆಯಾಡಿಸಿದಳು,
ಮತ್ತೆ ಅಗಿದಳು, ನಿಧಾನ, ಕಣ್ಣು ಮುಚ್ಚಿ,
ಕಳೆದದ್ದು ಹುಡುಕುವವಳ ಹಾಗೆ.
ಥ್ಯಾಂಕ್ಯೂ ಅನ್ನಲಿಲ್ಲ.

ಆ ರಾತ್ರಿ ಬಚ್ಚಲಲ್ಲಿ ಸದ್ದಿಲ್ಲ.
ಅತ್ತಳೋ ಇಲ್ಲವೋ ತಿಳಿಯದು.
ಮಂಚದ ತನ್ನ ಅರ್ಧದಲ್ಲಿ ಕಾಲು ಮಡಚಿ ಮಲಗಿ
ಕತ್ತಲಿಗೆ ಅಂದಳು: 'ನಲಿ ನಿಲಿಸು.'
ಅವಳ ಮೊದಲ ಕನ್ನಡ. ನಾನು ಕಲಿಸಿದ್ದು.
ಅರ್ಥವೇನು ಅಂತ ಕೇಳಿದಳು, ಗೊತ್ತಿದ್ದೂ ಇರಬಹುದು.
ಗುಡ್ ನೈಟ್ ಅಂದೆ.

ಈಗ ದಿನಾ ರಾತ್ರಿ ಮನೆಮಂದಿಗೆಲ್ಲ ಅದನ್ನು ಹೇಳಿಯೇ ಮಲಗುತ್ತಾಳೆ.
ಅಜ್ಜಿ ಗೊಣಗುತ್ತ ಎದ್ದು
ನಲ್ಲಿ ನೋಡಿ ಬರುತ್ತಾಳೆ.